ಅತ್ತೆಯ ಟ್ಯಾಂಕಿನ ಕರೆಂಟು

ಕರೆಂಟ್ ಬಿಲ್ಲು ಬಂದ ದಿನ ಊಟದ ಮೇಜಿನ ಸುತ್ತ ನಾಲ್ಕು ಜನ ಕೂತಿದ್ದರು, ನಾಲ್ವರೂ ತಟ್ಟೆಯಲ್ಲಿದ್ದ ಆಲೂಗಡ್ಡೆಯನ್ನೇ ದಿಟ್ಟಿಸುತ್ತಿದ್ದರು. ಬಿಲ್ಲು ಉಪ್ಪಿನ ಡಬ್ಬಿಗೆ ಒರಗಿಕೊಂಡು ನಿಂತಿತ್ತು. ಐನೂರ ಇಪ್ಪತ್ತು ಯೂನಿಟ್ಟು! ಮೂರು ಕೋಣೆಯ ಬಾಡಿಗೆ ಮನೆ, ಒಂದು ಫ್ರಿಜ್ಜು, ಒಂದು ಟೀವಿ. ಇಷ್ಟು ಕರೆಂಟು ಕುಡಿಯುವುದಕ್ಕೆ ಇದೇನು ಹಿಟ್ಟಿನ ಗಿರಣಿಯೇ?

"ಯಾರೂ ಬಾಯಿ ಬಿಡಲ್ಲ ಅಂದ್ರೆ ನಾನೇ ಬಿಡ್ತೀನಿ," ಎಂದಳು ಸೊಸೆ. "ಆ ಟ್ಯಾಂಕು."

ಎಲ್ಲರ ನಾಲಿಗೆಯ ತುದಿಯಲ್ಲೂ ಇದ್ದದ್ದನ್ನು ಅವಳು ಹೊರಗೆ ಹಾಕಿದಳು, ಅಷ್ಟೇ. ಬೆಳಗಿನ ಜಾವ ನಾಲ್ಕಕ್ಕೆಲ್ಲ ಬೇಕರಿಯ ಒಲೆ ಮುಂದೆ ನಿಲ್ಲುವ ಹೆಂಗಸು. ಸಂಜೆ ಹೊತ್ತಿಗೆ ಮಾತನ್ನು ನಯ ಮಾಡಿ ಆಡುವಷ್ಟು ತ್ರಾಣ ಅವಳಲ್ಲಿ ಉಳಿದಿರುತ್ತಿರಲಿಲ್ಲ.

ಟ್ಯಾಂಕು ಅತ್ತೆಯದು. ಹಾಲಿನ ಒಂದು ಗೋಡೆಯನ್ನು ಪೂರ್ತಿ ನುಂಗಿಕೊಂಡು ಕೂತಿದ್ದ ಗಾಜಿನ ಪೆಟ್ಟಿಗೆ. ಒಳಗೆ ಸಮುದ್ರದಂಥದೇ ಉಪ್ಪುನೀರು, ಕಲ್ಲು, ಕಲ್ಲಿನ ಮೇಲೆ ಬೆಳೆಯುವ ಜೀವಂತ ಹವಳ. ಹವಳವೆಂದರೆ ಸರಕ್ಕೆ ಪೋಣಿಸುವ ಕೆಂಪು ಮಣಿ ಅಂತಲೇ ತಿಳಿದು ಬಂದವರು ಇವು ಉಸಿರಾಡುವುದನ್ನು, ಅರಳುವುದನ್ನು, ಬೆರಳು ತೋರಿಸಿದರೆ ಮುದುಡುವುದನ್ನು ಕಂಡು ಬೆರಗಾಗುತ್ತಿದ್ದರು. ಅತ್ತೆ ಇಪ್ಪತ್ತೆರಡು ವರ್ಷ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಆಯಾ ಆಗಿದ್ದವರು. ಟ್ಯಾಂಕು ಅಲ್ಲಿ ರೋಗಿಗಳು ಕಾಯುವ ಕೋಣೆಯಲ್ಲಿತ್ತು, ಅದರ ಚಾಕರಿಯೆಲ್ಲ ಅತ್ತೆಯದೇ. ಒಂಬತ್ತು ವರ್ಷದ ಹಿಂದೆ ಡಾಕ್ಟರು ಕ್ಲಿನಿಕ್ಕು ಮುಚ್ಚುವಾಗ, "ನಿಮಗೆ ಬೇಕಾದ್ದು ಒಂದೊಂದು ತಗೊಳ್ಳಿ," ಅಂದರಂತೆ. ಒಬ್ಬಳು ಫ್ರಿಜ್ಜು ಒಯ್ದಳು, ಇನ್ನೊಬ್ಬ ಸೋಫಾ ಹೊತ್ತ. ಅತ್ತೆ ಈ ಸಮುದ್ರವನ್ನು ಮನೆಗೆ ತಂದರು, ಜೊತೆಗೆ ಅದರ ಹಳೇ ಕಾಲದ ದೀಪ, ಪಂಪು, ಹೀಟರ್ರು ಎಲ್ಲವನ್ನೂ.

ಈಗ ಅತ್ತೆ ಇನ್ನೊಂದು ಆಲೂಗಡ್ಡೆ ಬಡಿಸಿಕೊಳ್ಳುತ್ತಾ ಹೇಳಿದರು: "ನಾಳೇನೇ ಬಣ್ಣದ ಮೀನಿನ ಅಂಗಡಿಯವನಿಗೆ ಫೋನ್ ಮಾಡಿ. ಬಂದು ಎತ್ಕೊಂಡು ಹೋಗ್ಲಿ."

ದನಿ ನಡುಗಲಿಲ್ಲ, ಮುಖ ಗಂಟಾಗಲಿಲ್ಲ. ಅತ್ತೆ ಜಗಳಕ್ಕೆ ನಿಂತಿದ್ದರೆ ಸೊಸೆಗೆ ಎಷ್ಟೋ ಸಲೀಸಾಗುತ್ತಿತ್ತು. ಹೀಗೆ ಒಂದೇ ಮಾತಿಗೆ ಬಿಟ್ಟುಕೊಟ್ಟರೆ ಮನುಷ್ಯರು ಏನು ಮಾಡಬೇಕು?

"ಅಜ್ಜೀ!" ಹುಟ್ಟುವಾಗ ಹಿಡಿಯಷ್ಟೇ ಇದ್ದಳೆಂದು ಬಟಾಣಿ ಅಂತಲೇ ಕರೆಸಿಕೊಳ್ಳುತ್ತಿದ್ದ ಹದಿನಾರರ ಮೊಮ್ಮಗಳು ಚಮಚ ಕುಕ್ಕಿದಳು. "ಅಪ್ಪಾ, ನೀನಾದ್ರೂ ಏನಾದ್ರೂ ಹೇಳು."

ಅಪ್ಪ ಲಿಫ್ಟು ರಿಪೇರಿ ಮಾಡುವವನು. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡು ಕಿರುಚುವವರನ್ನು ಸಮಾಧಾನ ಮಾಡೀ ಮಾಡೀ ಮನೆಯಲ್ಲೂ ಅದೇ ಧಾಟಿ ಬಂದುಬಿಟ್ಟಿತ್ತು. "ಯಾರೂ ಗಾಬರಿ ಆಗ್ಬೇಡಿ. ಮೊದಲು ಎಲ್ಲಿ ನಿಂತಿದೀವಿ ಅಂತ ನೋಡೋಣ."

"ಎಲ್ಲಿ ನಿಂತಿದೀವಾ? ನಿಮ್ಮ ಓವರ್‌ಟೈಮ್ ನಿಂತು ನಾಲ್ಕು ತಿಂಗಳಾಯ್ತು, ಅಲ್ಲೇ ನಿಂತಿದೀವಿ," ಎಂದಳು ಹೆಂಡತಿ. ಆಮೇಲೆ ಮಗಳ ಮುಖ ನೋಡಿದಳು, ಅತ್ತೆಯ ತಟ್ಟೆ ನೋಡಿದಳು. "ಸರಿ. ಒಂದು ತಿಂಗಳು ನೋಡೋಣ. ಮುಂದಿನ ಬಿಲ್ಲು ಇದರ ಅರ್ಧಕ್ಕೆ ಬರ್ಬೇಕು. ಬಂದ್ರೆ ಟ್ಯಾಂಕ್ ಇರುತ್ತೆ, ಇಲ್ದಿದ್ರೆ ಹೋಗುತ್ತೆ."

ಅರ್ಧ ಅಂತ ಯಾಕೆ ಅಂದಳೋ ಅವಳಿಗೇ ಗೊತ್ತಿರಲಿಲ್ಲ. ಬಾಯಿಗೆ ಬಂತು, ಅಂದಳು.

"ನ್ಯಾಯವಾದ ಮಾತು," ಎಂದರು ಅತ್ತೆ. "ಒಪ್ಪಿದೆ."

ಭಾನುವಾರ ಗಂಡ ಕೆಲಸದ ಜಾಗದಿಂದ ಒಂದು ಪುಟ್ಟ ಮೀಟರು ತಂದ. ಅದನ್ನು ಗೋಡೆಯ ಪ್ಲಗ್ಗಿಗೂ ಯಂತ್ರದ ವಯರಿಗೂ ನಡುವೆ ಸಿಕ್ಕಿಸಿದರೆ ಯಾರು ಎಷ್ಟು ಕುಡಿಯುತ್ತಿದ್ದಾರೆ ಅಂತ ಬಯಲಾಗುತ್ತದೆ. ಬಟಾಣಿ ನೆಲದ ಮೇಲೆ ಹೊಟ್ಟೆಯಡಿ ಮಲಗಿ ಒಂದೊಂದನ್ನೇ ಓದಿದಳು. ದೀಪವೇ ಕಳ್ಳ ಅಂತ ಎಲ್ಲರ ಲೆಕ್ಕಾಚಾರ. ಹೇಳಿ ಕೇಳಿ ಆಟದ ಮೈದಾನಕ್ಕೆ ಹಾಕುವಂಥ ದೀಪ ಅದು. ಆದರೆ ಅದಕ್ಕೂ ಮೇಲೆ ನಿಂತದ್ದು ಹೀಟರ್ರು. ಚಳಿಗಾಲ ಬೇರೆ. ಸದ್ದಿಲ್ಲದೆ ಮೂಲೆಯಲ್ಲಿ ಕೂತು ಹಗಲೂ ರಾತ್ರಿ ಹೀರುತ್ತಿತ್ತು ಆ ಮಹಾರಾಯ.

"ಎಷ್ಟಕ್ಕಿಟ್ಟಿದೀಯಮ್ಮ ಇದನ್ನ?" ಎಂದು ಮಗ ಕೇಳಿದ.

"ಇಪ್ಪತ್ತಾರಕ್ಕೆ. ಡಾಕ್ಟ್ರು ಇಟ್ಟಿದ್ದು ಹಾಗೇ. ಒಂದು ಡಿಗ್ರಿ ಕಮ್ಮಿ ಆದ್ರೆ ಅವಕ್ಕೇನೂ ತೊಂದರೆ ಇಲ್ಲ ಅಂತ ಅವರೇ ಹೇಳೋರು."

ಅತ್ತೆ ಇಷ್ಟು ಹೇಳಿ ಟೀ ಕುಡಿದು ಎದ್ದರು. ಮಾತು ಅಲ್ಲಿಗೆ ನಿಂತಿತು ಅಂತ ಎಲ್ಲರೂ ಅಂದುಕೊಂಡರು.

ಸೋಮವಾರ ಬೆಳಗಿನ ಜಾವ ಬೇಕರಿಗೆ ಹೊರಟ ಸೊಸೆ ಚಪ್ಪಲಿ ಮೆಟ್ಟುವಾಗ ಕತ್ತಲಲ್ಲಿ ಹೀಟರಿನ ಕೆಂಪು ದೀಪ ಕಂಡಳು. ಉರಿಯುತ್ತಲೇ ಇದೆ! ಅದರ ತಿರುಗಣೆಯ ಮೇಲಿನ ಅಂಕಿಗಳು ಎಂದೋ ಸವೆದು ಹೋಗಿದ್ದವು, ಸಣ್ಣ ಸಣ್ಣ ಗೆರೆಗಳಷ್ಟೇ ಉಳಿದಿದ್ದವು. ಅವಳು ಬಗ್ಗಿ ಒಂದೇ ಒಂದು ಗೆರೆ ಹಿಂದಕ್ಕೆ ತಿರುಗಿಸಿದಳು. ಹೇಳಿದರೆ ಸುಮ್ಮನೆ ಅತ್ತೆಗೆ ನೋವು. ಹೇಳದಿದ್ದರೆ ಟ್ಯಾಂಕಿಗೂ ಒಳ್ಳೆಯದು, ಬಿಲ್ಲಿಗೂ ಒಳ್ಳೆಯದು. ಉಪಕಾರ ಮಾಡಿದ ಸಮಾಧಾನದಲ್ಲಿ ಬಸ್ಸು ಹತ್ತಿದಳು.

ಮಂಗಳವಾರ ಬೇಕರಿಗೆ ರಜೆ. ಬೆಳಿಗ್ಗೆ ಏಳು ಗಂಟೆಗೆ ಅತ್ತೆಯ ದನಿ ಕೇಳಿ ಎಲ್ಲರೂ ಹಾಲಿಗೆ ಓಡಿದರು.

"ಯಾರು ಮುಟ್ಟಿದ್ದು ಇದನ್ನ?"

ಅರಳಿಕೊಂಡು ತೂಗಾಡಬೇಕಿದ್ದ ಹವಳಗಳೆಲ್ಲ ಮುಷ್ಟಿ ಬಿಗಿದುಕೊಂಡಿದ್ದವು. ಬಿಳಿ ಪಟ್ಟೆಯ ಕಿತ್ತಳೆ ಬಣ್ಣದ ಮುದಿ ಮೀನು, ಕ್ಲಿನಿಕ್ಕಿನ ಕಾಲದಿಂದಲೂ 'ಡಾಕ್ಟ್ರು' ಅಂತಲೇ ಅತ್ತೆ ಕರೆಯುತ್ತಿದ್ದದ್ದು, ಮರಳಿನ ಮೇಲೆ ವಾಲಿಕೊಂಡು ಮಲಗಿತ್ತು. ಗಾಜಿಗಂಟಿಸಿದ ಥರ್ಮಾಮೀಟರು ಇಪ್ಪತ್ತೆರಡಕ್ಕೂ ಕೆಳಗೆ ತೋರಿಸುತ್ತಿತ್ತು.

ಸೊಸೆ ಒಂದು ಹೆಜ್ಜೆ ಮುಂದೆ ಬಂದಳು. "ನಾನು, ಅತ್ತೆ. ನಿನ್ನೆ ಬೆಳಿಗ್ಗೆ. ಆದ್ರೆ ಒಂದೇ ಒಂದು ಗೆರೆ, ದೇವರಾಣೆ!"

"ಒಂದು ಗೆರೆಗೆ ಇಷ್ಟು ಇಳಿಯುತ್ತಾ?"

ಗಂಡ ಗಂಟಲು ಸರಿ ಮಾಡಿಕೊಂಡ. "ಅಮ್ಮ, ನಾನೂ ನಿನ್ನೆ ಕೆಲಸಕ್ಕೆ ಹೋಗೋವಾಗ... ಒಂದು ಗೆರೆ."

"ರೀ!"

"ನೀನು ಮಾಡಿದೀಯ ಅಂತ ನನಗೇನು ಗೊತ್ತೇ?"

ಬಟಾಣಿ ಬಾಗಿಲ ಪರದೆಯನ್ನು ಮುಖಕ್ಕೆ ಎಳೆದುಕೊಂಡಳು. "ನಾನು ಸ್ಕೂಲಿಂದ ಬಂದ ಮೇಲೆ ಒಂದು. ಅಜ್ಜಿಗೆ ಗೊತ್ತಾಗ್ದೇ ಇದ್ರೆ ಅಜ್ಜಿಗೆ ಬೇಜಾರಾಗಲ್ಲ ಅಂತ."

ಮೂವರೂ ತಲೆ ತಗ್ಗಿಸಿ ನಿಂತರು. ಅತ್ತೆ ಒಬ್ಬೊಬ್ಬರ ಮುಖವನ್ನೂ ನೋಡಿದರು. ಬೈಗುಳ ಈಗ ಬಂತು, ಇನ್ನೇನು ಬಂತು ಅಂತ ಸೊಸೆ ಕಾದಳು.

"ಭಾನುವಾರ ಸಂಜೆ," ಎಂದರು ಅತ್ತೆ ಮೆತ್ತಗೆ, "ನಾನೂ ಒಂದು ತಿರುಗಿಸಿದ್ದೆ ಕಣ್ರೋ. ನಿಮ್ಮ ಹತ್ರ ಹೇಳಿದ್ರೆ ಪಾಪ, ನಿಮಗೆ ಸಂಕಟ ಆಗುತ್ತೆ ಅಂತ ಹೇಳ್ಲಿಲ್ಲ."

ಬಟಾಣಿಗೆ ತಡೆಯಲಾಗಲಿಲ್ಲ, ಪರದೆಯ ಹಿಂದಿನಿಂದ ಕಿಸಕ್ಕೆಂದಳು. ಆಮೇಲೆ ಅವಳ ಅಪ್ಪ. ಆಮೇಲೆ ಅತ್ತೆ, ಒಂದು ಕಣ್ಣು ಒರೆಸಿಕೊಳ್ಳುತ್ತಾ. ನಾಲ್ಕು ಜನ, ನಾಲ್ಕು ಗೆರೆ, ಒಬ್ಬರಿಗೊಬ್ಬರು ಗುಟ್ಟು. ಇಂಥ ಸಂಸಾರ ಹುಡುಕಿದರೂ ಸಿಗುತ್ತದೆಯೇ? ಸೊಸೆಗೆ ಮಾತ್ರ ನಗು ಬರಲಿಲ್ಲ, ಅವಳು ಆ ಮುದಿ ಮೀನನ್ನೇ ನೋಡುತ್ತಿದ್ದಳು.

"ತಿರುಗಿಸಿಬಿಡ್ಲಾ ಅತ್ತೆ, ಮೊದಲಿನಷ್ಟಕ್ಕೆ?"

"ಬೇಡ ಬೇಡ. ಒಂದೇ ಸಲ ಬಿಸಿ ಮಾಡಿದ್ರೆ ಅದೂ ಪೆಟ್ಟೇ. ಮೂರು ನಾಲ್ಕು ಗಂಟೆಗೆ ಒಂದೊಂದು ಗೆರೆ ಏರಿಸೋಣ. ಕೂತ್ಕೊಂಡು ಕಾಯ್ಬೇಕು, ಅಷ್ಟೇ."

ಕಾಯಲು ಸೊಸೆ ಕೂತಳು. ಒಂಬತ್ತು ವರ್ಷ ಅದೇ ಹಾಲಿನಲ್ಲಿ ಓಡಾಡಿದ್ದಾಳೆ, ಅದರ ಗಾಜು ಒರೆಸಿದ್ದಾಳೆ, ಚೆಲ್ಲಿದ ಉಪ್ಪುನೀರಿಗೆ ಬೈದಿದ್ದಾಳೆ. ಆದರೆ ಒಂದು ಪೂರ್ತಿ ದಿನ ಅದರ ಎದುರು ಕೂತದ್ದು ಅದೇ ಮೊದಲು. ಅತ್ತೆ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಬಟಾಣಿಕಾಳು ಬಿಡಿಸುತ್ತಿದ್ದರು.

"ಕ್ಲಿನಿಕ್ಕಿಗೆ ಬರೋರೆಲ್ಲ ಕುರ್ಚಿ ತುದೀಲಿ ಕೂತಿರೋರು ಕಣೇ," ಎಂದರು ಅತ್ತೆ. "ದೊಡ್ಡ ದೊಡ್ಡ ಗಂಡಸರು. ಒಳಗೆ ಡ್ರಿಲ್ಲು ಗುಯ್ಯ್ ಅಂದ್ರೆ ಮುಖ ಬಿಳಿಚ್ಕೊಳ್ಳೋದು. ನಾನು ಹೋಗಿ, ಆ ಹಸಿರು ಹವಳದ ಬಾಯಿ ಎಲ್ಲಿದೆ ಹುಡುಕಿ ನೋಡೋಣ ಅನ್ನೋಳು. ಹುಡುಕ್ತಾ ಹುಡುಕ್ತಾ ಅವರ ಸರದಿ ಬಂದ್ಬಿಡೋದು. ಡಾಕ್ಟ್ರು ಹೇಳೋರು, ಅರ್ಧ ಕೆಲಸ ನಿಂದೇ ಅಂತ." ಇನ್ನೊಂದು ಕಾಯಿ ಬಿಡಿಸಿ ಮತ್ತೆ ಅಂದರು: "ನನ್ನ ಕೆಲಸಾನ ಹಾಗೆ ಅಂದೋರು ಅವರೊಬ್ರೇ."

ಸೊಸೆ ಗಾಜಿನ ಮೇಲೆ ಅಂಗೈ ಇಟ್ಟಳು. ಮುಂದೆ ಬೆಚ್ಚಗಿತ್ತು. ಪಕ್ಕಕ್ಕೆ ಸರಿಸಿದಳು, ತಣ್ಣಗೆ. ಹಿಂಬದಿಗೆ ಕೈ ತೂರಿಸಿದಳು, ಹೊರಗೋಡೆಯ ಥಂಡಿ ನೇರವಾಗಿ ಗಾಜಿಗೆ ಹೊಡೆಯುತ್ತಿತ್ತು. ಮೇಲೆ ನೋಡಿದಳು, ಟ್ಯಾಂಕು ಪೂರ್ತಿ ತೆರೆದುಕೊಂಡಿತ್ತು.

"ಅಯ್ಯೋ ನಮ್ಮ ಬುದ್ಧಿಯೇ!" ಎಂದು ಹಣೆ ಚಚ್ಚಿಕೊಂಡಳು. "ಅತ್ತೆ, ನಾವು ಬೇಕರೀಲಿ ಹಿಟ್ಟು ಉಬ್ಬೋಕೆ ಒಂದು ಪೆಟ್ಟಿಗೇಲಿ ಇಡ್ತೀವಿ. ಒಳಗೆ ಉಗುರು ಬೆಚ್ಚಗೆ ಇರ್ಬೇಕು. ಅದರ ಬಾಗಿಲು ಅರೆ ತೆರೆದಿಟ್ರೆ ನಮ್ಮ ಮೇಸ್ತ್ರಿ ಕೈ ಕತ್ತರಿಸ್ತಾನೆ. ಸುತ್ತ ದಪ್ಪಗೆ ಹೊದಿಸಿರ್ತೀವಿ. ಇಲ್ಲಿ ನೋಡಿದ್ರೆ ಇದನ್ನ ಬಟ್ಟೆ ಇಲ್ದೆ ಚಳೀಲಿ ನಿಲ್ಲಿಸಿ, ಬಿಸಿ ಮಾಡು ಬಿಸಿ ಮಾಡು ಅಂತ ಹೀಟರ್‌ಗೆ ಬೈತಿದೀವಲ್ಲ!"

ಅತ್ತೆ ಕೈಯಲ್ಲಿದ್ದ ಸಿಪ್ಪೆಯನ್ನು ಹಾಗೇ ಹಿಡಿದುಕೊಂಡು ಸೊಸೆಯನ್ನು ನೋಡಿದರು. "ಹೌದಲ್ವೇನೇ," ಎಂದರು. "ಕ್ಲಿನಿಕ್ಕಲ್ಲಿ ಕೋಣೆನೇ ಬೆಚ್ಚಗಿರೋದು. ನನಗೆ ಹೊಳೀಲೇ ಇಲ್ಲ."

ಬುಧವಾರದ ಹೊತ್ತಿಗೆ ಹವಳಗಳು ಒಂದೊಂದಾಗಿ ಮುಷ್ಟಿ ಬಿಚ್ಚಿದವು. ಡಾಕ್ಟ್ರು ಎದ್ದು ಗಾಜಿನ ಹತ್ತಿರ ಬಂದು ಬೆಳಗಿನ ತಿಂಡಿ ಕೇಳಿತು. ಮೂಲೆಯಲ್ಲಿದ್ದ ಒಂದು ಕವಲು ಹವಳ ಮಾತ್ರ ಬಣ್ಣ ಬಿಟ್ಟು ಸುಣ್ಣದಂತಾಯಿತು, ಮತ್ತೆ ಚೇತರಿಸಿಕೊಳ್ಳಲಿಲ್ಲ. ಅತ್ತೆ ಅದನ್ನು ಹೊರತೆಗೆದು ಕಾಗದದಲ್ಲಿ ಸುತ್ತಿದರು.

"ನನ್ನ ಗೆರೆನೇ ಇದನ್ನ ಕೊಂದಿದ್ದು," ಎಂದಳು ಸೊಸೆ.

"ನಾಲ್ಕು ಗೆರೇಲಿ ನಿಂದು ಯಾವುದು ಅಂತ ಹೇಗೆ ಹೇಳ್ತೀಯ? ಹಂಚ್ಕೊಂಡ್ರಾಯ್ತು ಬಿಡು."

ಆ ವಾರವೆಲ್ಲ ಮನೆಯಲ್ಲಿ ಕೆಲಸವೋ ಕೆಲಸ. ಬೇಕರಿಗೆ ಹಸಿ ಯೀಸ್ಟು ದಪ್ಪ ಥರ್ಮೋಕೋಲ್ ಪೆಟ್ಟಿಗೆಗಳಲ್ಲಿ ಬರುತ್ತಿತ್ತು, ಖಾಲಿಯಾದ ಮೇಲೆ ಕಸಕ್ಕೆ. ಸೊಸೆ ದಿನಕ್ಕೆ ಎರಡರಂತೆ ಅವುಗಳನ್ನು ಬಸ್ಸಿನಲ್ಲಿ ತಂದಳು. "ಇದಕ್ಕೂ ಟಿಕೆಟ್ ತಗೋಬೇಕಮ್ಮ, ಒಂದು ಸೀಟು ಹಿಡಿದಿದೆ," ಅಂದ ಕಂಡಕ್ಟರು. "ಅದರ ತೂಕ ನಿಮ್ಮ ಟೋಪಿಗಿಂತ ಕಮ್ಮಿ ಕಣಪ್ಪ," ಎಂದು ಇವಳು ಪೆಟ್ಟಿಗೆಯನ್ನು ತೊಡೆಯ ಮೇಲೇರಿಸಿಕೊಂಡಳು. ಮನೆಯಲ್ಲಿ ಬ್ರೆಡ್ಡು ಕೊಯ್ಯುವ ಹಲ್ಲಿನ ಚಾಕುವಿನಿಂದ ಹಲಗೆ ಹಲಗೆ ಸೀಳಿ ಟ್ಯಾಂಕಿನ ಬೆನ್ನಿಗೆ, ಎರಡು ಪಕ್ಕೆಗೆ, ಅದರ ಕೆಳಗೆ ನೀರು ಸೋಸುವ ಸಣ್ಣ ತೊಟ್ಟಿಗೆ ಅಂಟಿಸಿದರು. ಬಿಳಿ ಕಾಳು ಮನೆಯಲ್ಲೆಲ್ಲ ಹಾರಾಡಿ ಎರಡು ದಿನ ಸೂಪಿನಲ್ಲೂ ಸಿಕ್ಕಿತು.

ಮೇಲಿನ ಮುಚ್ಚಳ ಗಂಡನ ಪಾಲಿಗೆ ಬಂತು. ಯಾವುದೋ ಆಫೀಸಿನ ಲಿಫ್ಟಿನ ಚಾವಣಿಯಿಂದ ಬಿಚ್ಚಿ ಬಿಸಾಕಿದ ಪಾರದರ್ಶಕ ಹಾಳೆಯನ್ನು ಕೇಳಿ ತಂದು, ಅಳತೆಗೆ ಕೊಯ್ದ. ಪೂರ್ತಿ ಮುಚ್ಚುವಂತೆ ಮಾಡಿದ್ದ. ಅತ್ತೆ ನೋಡಿದವರೇ, "ಲಿಫ್ಟಲ್ಲಿ ಸಿಕ್ಕಿಕೊಂಡೋರಿಗೆ ಗಾಳಿ ಬೇಡ್ವೇನೋ?" ಅಂದರು. ಅವನು ನಾಲಿಗೆ ಕಚ್ಚಿಕೊಂಡು ಹಿಂದುಗಡೆ ಅಂಗೈ ಅಗಲದ ಸಂದು ಬಿಟ್ಟ.

ಪಂಪು ಬಟಾಣಿಯದು. ಎರಡು ಪಂಪುಗಳನ್ನೂ ಬಿಚ್ಚಿ ಒಂದೊಂದು ದಿನ ವಿನಿಗರಿನಲ್ಲಿ ನೆನೆಹಾಕಿದಳು. ವರ್ಷಗಟ್ಟಲೆ ಕಟ್ಟಿಕೊಂಡಿದ್ದ ಸುಣ್ಣ ನೊರೆ ನೊರೆಯಾಗಿ ಕಳಚಿತು. ಮನೆಯೆಲ್ಲ ಹುಳಿ ವಾಸನೆ, ಹಲ್ಲು ಜುಮ್ಮೆನ್ನುವಷ್ಟು. ಆದರೆ ಎರಡು ಪಂಪು ಏದುಸಿರು ಬಿಟ್ಟು ಮಾಡುತ್ತಿದ್ದ ಕೆಲಸವನ್ನು ಈಗ ಒಂದೇ ಪಂಪು ಹಾಡಿಕೊಂಡು ಮಾಡತೊಡಗಿತು. ಇನ್ನೊಂದನ್ನು ಒರೆಸಿ ಕಪಾಟಿನಲ್ಲಿಟ್ಟರು.

ಹೀಟರಿನ ಕೆಂಪು ದೀಪ ಈಗ ಆಗೊಮ್ಮೆ ಈಗೊಮ್ಮೆ ಹೊತ್ತಿ ಆರುತ್ತಿತ್ತು. ಉಳಿದದ್ದು ಆ ಮೈದಾನದ ದೀಪ. ಅದಕ್ಕೆ ಬದಲು ಎಲ್‌ಇಡಿ ದೀಪ ಬೇಕು. ಹವಳಕ್ಕೆ ಹೊಂದುವ ದೀಪದ ಬೆಲೆ ಕೇಳಿದರೆ ಎರಡು ತಿಂಗಳ ಕರೆಂಟ್ ಬಿಲ್ಲೇ ವಾಸಿ ಅನಿಸುವಂತಿತ್ತು. ಮಾತು ಅಲ್ಲಿಗೇ ಬಿದ್ದುಹೋಗುತ್ತಿತ್ತೇನೋ, ಬಟಾಣಿ ಸಮುದ್ರದ ಉಪ್ಪು ಕೊಳ್ಳಲು ಅಂಗಡಿಗೆ ಹೋಗಿರದಿದ್ದರೆ.

ಹುಡುಗಿ ಮೂಗಿನ ತುದಿ ಕೆಂಪಗೆ ಮಾಡಿಕೊಂಡು ಬಂದು ಅಮ್ಮನನ್ನು ಅಡುಗೆಮನೆಗೆ ಎಳೆದಳು. "ಅಮ್ಮ, ಅಜ್ಜಿ ಹವಳ ಅಂಗಡೀಲಿ ಮಾರಾಟಕ್ಕಿದೆ. ಆ ನೇರಳೆ ಅಂಚಿನ ಹಸಿರು. ನಮ್ಮ ಮನೇಲಿ ಬಿಟ್ರೆ ಎಲ್ಲೂ ಇಲ್ಲ ಅಂತ ಅಂಗಡಿಯವನೇ ಹೇಳ್ತಿದ್ದ. ಹದಿನೇಳು ತುಂಡು. ಬೆಲೆ ಚೀಟಿ ಬೇರೆ ಅಂಟಿಸಿದಾನೆ!"

ಮುಂದಿನ ಮಂಗಳವಾರ ಸೊಸೆ ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು.

"ಬನ್ನಿ ಅಕ್ಕ, ಅಮ್ಮ ಚೆನ್ನಾಗಿದಾರಾ?" ಎಂದ ಅಂಗಡಿಯವನು. ಮಾತು ಸಿಹಿ, ಮನುಷ್ಯನೂ ಕೆಟ್ಟವನಲ್ಲ, ಕೈ ಮಾತ್ರ ಸ್ವಲ್ಪ ಬಿಗಿ.

"ಅಮ್ಮ ಚೆನ್ನಾಗಿದಾರೆ. ಅಮ್ಮನ ಹವಳಾನೂ ಇಲ್ಲಿ ಚೆನ್ನಾಗಿದೆ ಅಂತ ಕೇಳ್ಪಟ್ಟೆ."

ಅವನ ಕೈ ತಾನಾಗಿ ಬೆಲೆ ಚೀಟಿಯ ಮೇಲೆ ಹೋಯಿತು. "ಅದು... ಅಮ್ಮನೇ ಕೊಟ್ಟಿದ್ದು ಅಕ್ಕ. ಜಾಸ್ತಿ ಬೆಳೆದ್ರೆ ಮುರಿದು ತಂದುಕೊಡ್ತಾರೆ. ಬೇಡ ಅಂದ್ರೂ ಕೊಡ್ತಾರೆ."

"ನೀವು ಬೇಡ ಅಂದ್ರಾ?"

ಅಂಗಡಿಯವನು ನೀರಿನ ಗುಳ್ಳೆ ನೋಡಿದ. "ಅನ್ಲಿಲ್ಲ."

"ಎಷ್ಟು ವರ್ಷದಿಂದ ಅನ್ಲಿಲ್ಲ?"

"ಏಳು ವರ್ಷ ಆಗಿರ್ಬಹುದು," ಎಂದ ಅವನು. ಆಮೇಲೆ ಉಸಿರು ಬಿಟ್ಟು, "ನಿಜ ಹೇಳ್ತೀನಿ ಅಕ್ಕ. ಅಂಗಡಿ ಶುರು ಮಾಡಿದ ಮೊದಲ ವರ್ಷ ನನ್ನ ಟ್ಯಾಂಕಲ್ಲಿ ಇದ್ದಿದ್ದೇ ಅಮ್ಮ ಕೊಟ್ಟ ತುಂಡುಗಳು. ಅವಿಲ್ದಿದ್ರೆ ಬಾಗಿಲು ಹಾಕ್ತಿದ್ದೆ," ಎಂದ. ಎದ್ದು ಒಳಗೆ ಹೋದವನು ಬಳಸಿದ ಒಂದು ಎಲ್‌ಇಡಿ ದೀಪವನ್ನು ಧೂಳು ಒರೆಸುತ್ತಾ ಹೊತ್ತು ತಂದ. "ಒಬ್ಬರು ದೊಡ್ಡದು ತಗೊಂಡು ಇದನ್ನ ಬಿಟ್ಟು ಹೋದ್ರು. ಅಮ್ಮನಿಗೆ ಕೊಡಿ. ಒಂದೇ ಸಲ ಜೋರಾಗಿ ಹಾಕ್ಬೇಡಿ, ದಿನಾ ಸ್ವಲ್ಪ ಸ್ವಲ್ಪ ಏರಿಸಿ. ದಿನಕ್ಕೆ ಎಂಟು ಗಂಟೆ ಸಾಕು."

ದೀಪ ಕಂಡು ಅತ್ತೆ ಹಿಗ್ಗುತ್ತಾರೆ ಅಂದುಕೊಂಡು ಬಂದರೆ, ಅತ್ತೆಯ ಮುಖ ಸಣ್ಣಗಾಯಿತು.

"ಅವನ ಹತ್ರ ಯಾಕೆ ಕೇಳೋಕೆ ಹೋದೆ? ಸುಮ್ನೆ ಕೊಟ್ಟಿದ್ದಕ್ಕೆ ಆಮೇಲೆ ಬೆಲೆ ಕಟ್ಟೋದಾ? ನನಗೆ ಅದೆಲ್ಲ ಬರಲ್ಲ."

"ನಿಮಗೆ ಬರಲ್ಲ ಅಂತಾನೇ ನಾನಿರೋದು."

"ಏನಂದ್ಕೊಂಡಾನು ಅವನು?"

"ಏನಂದ್ಕೊಂಡ ಗೊತ್ತಾ? ನಿಮ್ಮಿಂದ ಅಂಗಡಿ ಉಳೀತು ಅಂದ. ಅವನ ಬಾಯಿಂದಾನೇ. ಇಷ್ಟು ವರ್ಷ ನಿಮ್ಮ ಹತ್ರ ಒಂದು ದಿನ ಆದ್ರೂ ಅಂದಿದ್ನಾ?"

ಅತ್ತೆ ದೀಪವನ್ನು ತಿರುಗಿಸಿ ಮುರುಗಿಸಿ ನೋಡಿದರು. "ಹಾಗಂದ್ನಾ?" ಎಂದು ಕೇಳಿದರು. ಅರ್ಧ ಗಂಟೆ ಬಿಟ್ಟು, ಟೊಮೆಟೊ ಹೆಚ್ಚುತ್ತಿದ್ದ ಸೊಸೆಯ ಪಕ್ಕಕ್ಕೆ ಬಂದು ನಿಂತು, "ನಿಜವಾಗ್ಲೂ ಹಾಗಂದ್ನೇನೇ?" ಎಂದು ಮತ್ತೆ ಕೇಳಿದರು.

ಹೊಸ ದೀಪದಡಿಯಲ್ಲಿ ಹವಳಗಳಿಗೆ ಇನ್ನೊಂದೇ ಜೀವ ಬಂದಂತಾಯಿತು. ನೇರಳೆ ಅಂಚು ಮಿಂಚತೊಡಗಿತು. ಸೊಸೆ ಮಧ್ಯಾಹ್ನ ಒಂದಕ್ಕೆ ಕೆಲಸ ಮುಗಿಸಿ ಬಂದವಳು ಏಪ್ರನ್ ಬಿಚ್ಚುವ ಮೊದಲೇ ಟ್ಯಾಂಕಿನೆದುರು ಕೂರುವುದು ಅಭ್ಯಾಸವಾಯಿತು. ಅತ್ತೆ ಎರಡು ಲೋಟ ಟೀ ತರುತ್ತಿದ್ದರು. ಬೇಕರಿಯ ಕಾವು, ಗದ್ದಲ, ಮೇಸ್ತ್ರಿಯ ಬೈಗುಳ ಎಲ್ಲ ಆ ಹತ್ತು ನಿಮಿಷದಲ್ಲಿ ಮೈಯಿಂದ ಇಳಿದು ಹೋಗುತ್ತಿತ್ತು. ಬಾಯಿಗೆ ಬಂದಂತೆ ಅಂದ ಆ 'ಅರ್ಧ' ಎಂಬ ಮಾತು ಅವಳ ಮನಸ್ಸಿನಲ್ಲಿ ಮುಳ್ಳಿನಂತೆ ಚುಚ್ಚುತ್ತಿತ್ತು. ಹಿಂದಕ್ಕೆ ತಗೊಳ್ಳಬೇಕು ಅಂತ ದಿನಾ ಅಂದುಕೊಳ್ಳುವಳು. ಯಾರೂ ಎತ್ತದ ಮಾತನ್ನು ತಾನೇ ಯಾಕೆ ಎತ್ತಬೇಕು, ಎಲ್ಲರೂ ಮರೆತಿರಬಹುದು ಅಂತ ಸುಮ್ಮನಾಗುವಳು.

ಅತ್ತೆ ಮರೆತಿರಲಿಲ್ಲ.

ಆ ದಿನ ಸೊಸೆ ಬೀದಿಯ ತಿರುವಿನಿಂದಲೇ ಮನೆಯ ಮುಂದೆ ನಿಂತ ವ್ಯಾನು ಕಂಡಳು. ಹಿಂಬಾಗಿಲು ತೆರೆದಿತ್ತು. ಮೆಟ್ಟಿಲು ಹತ್ತಿ ಬಂದರೆ ಮನೆ ಬಾಗಿಲೂ ತೆರೆದಿತ್ತು. ಹಾಲಿನಲ್ಲಿ ಎಂದೂ ಇಲ್ಲದ ನಿಶ್ಶಬ್ದ. ಪಂಪಿನ ಸದ್ದಿಲ್ಲ, ದೀಪವಿಲ್ಲ, ಪ್ಲಗ್ಗುಗಳೆಲ್ಲ ಕಿತ್ತು ಸಾಲಾಗಿ ಬಿದ್ದಿದ್ದವು. ಅಂಗಡಿಯವನು ಸ್ಟೂಲಿನ ಮೇಲೆ ನಿಂತು ಕೊಳವೆಯಿಂದ ನೀರು ಇಳಿಸುತ್ತಿದ್ದ. ನೆಲದ ಮೇಲೆ ಏಳು ಬಕೆಟ್ಟು. ಅತ್ತೆ ತೋಳಿನವರೆಗೂ ಒದ್ದೆಯಾಗಿ, ಒಂದೊಂದೇ ಹವಳವನ್ನು ಎತ್ತಿ, ಎತ್ತಿದ್ದನ್ನು ಎರಡೂ ಕೈಯಲ್ಲಿ ಹಿಡಿದು ಬಕೆಟ್ಟಿಗೆ ಇಳಿಸುತ್ತಿದ್ದರು. ರಜೆಯೆಂದು ಮನೆಯಲ್ಲಿದ್ದ ಬಟಾಣಿ ಮೂಲೆಯಲ್ಲಿ ಕೂತು ಬಿಕ್ಕುತ್ತಿದ್ದಳು.

"ಏನಿದು?" ಎಂದಳು ಸೊಸೆ.

"ಹತ್ತು ಗಂಟೆಗೆ ಬಿಲ್ಲು ಬಂತು ಕಣೇ," ಎಂದರು ಅತ್ತೆ, ತಿರುಗದೆ. "ಮುನ್ನೂರ ಎಪ್ಪತ್ತೊಂದು. ಅರ್ಧಕ್ಕೆ ಬರ್ಲಿಲ್ಲ. ನೀನು ಬರೋ ಅಷ್ಟರಲ್ಲಿ ಮುಗಿಸಿಬಿಡೋಣ ಅಂತಿದ್ದೆ."

"ತಿಂಗಳ ಮೊದಲರ್ಧ ಹಳೇ ದೀಪಾನೇ ಇತ್ತು ಅಂತ ಹೇಳಿದೆ ಅಮ್ಮ! ಮುಂದಿನ ಬಿಲ್ಲು ಇನ್ನೂ ಕಮ್ಮಿ ಬರುತ್ತೆ ಅಂತಾನೂ ಹೇಳಿದೆ. ಅಜ್ಜಿ ಕೇಳ್ತಾನೇ ಇಲ್ಲ!"

"ಒಪ್ಪಿದ ಮೇಲೆ ಒಪ್ಪಿದ ಹಾಗೇ," ಎಂದರು ಅತ್ತೆ. "ಇಷ್ಟು ದಿನ ನೀವೆಲ್ಲ ಒದ್ದಾಡಿದ್ದೇ ನನಗೆ ದೊಡ್ಡದು. ಬೇಜಾರಿಲ್ಲ."

ಬೇಜಾರಿಲ್ಲ ಅನ್ನುವವರು ಕೈಯಲ್ಲಿದ್ದದ್ದನ್ನು ಮಾತ್ರ ಬಕೆಟ್ಟಿಗೆ ಇಳಿಸಿರಲಿಲ್ಲ. ಆ ಕೈಯಲ್ಲಿ ನೇರಳೆ ಅಂಚಿನ ಹಸಿರು ಹವಳ ಮುದುಡಿಕೊಂಡಿತ್ತು.

ಥ್ಯಾಂಕ್ಸು ಗೀಂಕ್ಸು ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳುವ ರೂಢಿ ಆ ಮನೆಯಲ್ಲಿ ಇರಲಿಲ್ಲ. ಸೊಸೆಗೂ ಅದು ಬಾಯಿಗೆ ಬರುವ ಮಾತಲ್ಲ. ಅವಳು ಬ್ರೆಡ್ಡಿನ ಚೀಲವನ್ನು ನೆಲಕ್ಕಿಟ್ಟಳು.

"ಅತ್ತೆ, ಒಂದು ಕೇಳ್ತೀನಿ. ಇವಳು ಆಗ ಮೂರು ತಿಂಗಳ ಕೂಸು. ನಾನು ಕೆಲಸ ಬಿಟ್ರೆ ಬಾಡಿಗೆ ಕಟ್ಟೋಕಾಗಲ್ಲ. ದಿನಾ ಕತ್ತಲಲ್ಲಿ ನಾನು ಎದ್ದು ಹೊರಟಾಗ, ನನ್ನ ಹಾಸಿಗೆ ತಣ್ಣಗಾಗುತ್ತೆ ಅಂತ ಇವಳನ್ನ ಎತ್ತಿ ನಿಮ್ಮ ಮ‌ಗ್ಗುಲಿಗೆ ಹಾಕ್ಕೊಳ್ತಿದ್ರಿ. ಬೆಳಗಾದ್ರೆ ಬೆನ್ನಿಗೆ ಕಟ್ಕೊಂಡು ಕ್ಲಿನಿಕ್ಕಿಗೆ ಹೋಗ್ತಿದ್ರಿ. ಏಳು ವರ್ಷ, ಅತ್ತೆ. ನಾನು ಒಂದು ದಿನ ಆದ್ರೂ ಮಗು ಹೇಗಿದೆಯೋ ಅಂತ ಹೆದರ್ಕೊಂಡು ಕೆಲಸ ಮಾಡ್ಲಿಲ್ಲ. ಅದಕ್ಕೆಲ್ಲ ನನ್ನ ಹತ್ರ ಬಿಲ್ಲು ಕೇಳಿದ್ರಾ?"

ಅತ್ತೆ ಈಗ ತಿರುಗಿದರು. ಪ್ರಶ್ನೆಯೇ ಅರ್ಥವಾಗದವರಂತೆ ಸೊಸೆಯ ಮುಖ ನೋಡಿದರು. "ಏನು ಮಾತೇ ಇದು? ನನ್ನ ಮೊಮ್ಮಗಳಲ್ವೇನೇ? ಅದಕ್ಕೆಂಥಾ ಬಿಲ್ಲು?"

"ಹಾಗಿದ್ರೆ ಇದಕ್ಕೆಂಥಾ ಅರ್ಧ?"

ಕೊಳವೆಯಿಂದ ನೀರು ಬಕೆಟ್ಟಿಗೆ ಸುರಿಯುತ್ತಲೇ ಇತ್ತು. ಬಕೆಟ್ಟು ತುಂಬಿ, ಸ್ಟೂಲಿನಡಿ ಬಿಟ್ಟಿದ್ದ ಅಂಗಡಿಯವನ ಚಪ್ಪಲಿಯ ಮೇಲೆ ಹರಿದಾಗ ಅವನು ಬೆಚ್ಚಿ ಕೊಳವೆ ಮೇಲೆತ್ತಿದ.

"ನಾನು ಬಾಯಿಗೆ ಬಂದಿದ್ದು ಅಂದೆ. ತಪ್ಪು ನಂದು," ಎಂದಳು ಸೊಸೆ. ಈಗ ಅವಳ ಕಣ್ಣು ತುಂಬಿತ್ತು, ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ. "ನೀವು ನಮಗೆ ಮಾಡಿದ್ದು ಎಷ್ಟು ಅಂತ ನನಗೆ ಗೊತ್ತು ಅತ್ತೆ. ಹೇಳೋಕೆ ಬರ್ಲಿಲ್ಲ, ಅಷ್ಟೇ. ಹದಿನಾರು ವರ್ಷದಿಂದ ಬರ್ಲಿಲ್ಲ."

ಅತ್ತೆಯ ಕೈಯಲ್ಲಿ ಹವಳ ಇದ್ದದ್ದರಿಂದ ಮುಖ ಮುಚ್ಚಿಕೊಳ್ಳಲೂ ಆಗದೆ ಅವರು ಎಲ್ಲರೆದುರಿಗೆ ಅತ್ತರು. ಬಟಾಣಿ ಎದ್ದು ಬಂದು ಅಜ್ಜಿಯ ಒದ್ದೆ ತೋಳನ್ನು ಅಪ್ಪಿಕೊಂಡಳು.

"ಅಕ್ಕ," ಎಂದ ಅಂಗಡಿಯವನು ಸ್ಟೂಲಿನ ಮೇಲಿನಿಂದಲೇ, "ನಾನು ವ್ಯಾನು ಬಾಡಿಗೆಗೆ ತಂದಿದೀನಿ."

"ಚೀಲದಲ್ಲಿ ಬಿಸಿ ಬ್ರೆಡ್ಡಿದೆ, ಎರಡು ತಗೊಳ್ಳಿ. ಏಳು ವರ್ಷದ ಹವಳ ಜ್ಞಾಪಕ ಮಾಡಿಸ್ಬೇಡಿ."

ಅವನು ನಕ್ಕುಬಿಟ್ಟ. ಸ್ಟೂಲಿನಿಂದ ಇಳಿದು ತಾನೇ ಪ್ಯಾಂಟು ಮಡಚಿದ.

ಸೊಸೆ ಏಪ್ರನ್ ಬಿಚ್ಚದೆಯೇ ಮೊದಲ ಬಕೆಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಟ್ಯಾಂಕಿನ ಅಂಚಿಗೆ ಆನಿಸಿದಳು. ಭಾರವಿತ್ತು, ನೀರಿನ್ನೂ ಬೆಚ್ಚಗಿತ್ತು.

"ಎಲ್ಲಿಂದ ಸುರೀಲಿ, ಹೇಳಿ ಅತ್ತೆ."

"ನಿಧಾನ ಕಣೇ," ಎಂದರು ಅತ್ತೆ ಮೂಗೊರೆಸಿಕೊಳ್ಳುತ್ತಾ, "ಆ ಮೂಲೆಯಿಂದ. ಮರಳು ಏಳದ ಹಾಗೆ."